ಸೇಂಟ್ ಬರ್ನಾರ್ಡ್‌ಗೆ ಪುಣೆಯ ಸಲೂನು: ದುಡ್ಡು ಬ್ಲೋವರ್‌ಗೆ ಕೊಡಿ, ಮಷೀನಿಗಲ್ಲ

ಪುಣೆಯ ಬಾನೇರ್ ಕಡೆಯ ಈ ನಾಯಿ ಸಲೂನಿನ ದರಪಟ್ಟಿಯಲ್ಲಿ ‘ಜೈಂಟ್ ಬ್ರೀಡ್, ಉದ್ದ ಕೂದಲು’ ಎನ್ನುವ ಸಾಲಿನ ಎದುರು ಎರಡು ಬೆಲೆಗಳಿವೆ. ಡಿ-ಶೆಡ್ಡಿಂಗ್ ಸ್ನಾನಕ್ಕೆ, ಅಂದರೆ ಸಡಿಲವಾದ ಒಳಗೂದಲು ತೆಗೆದು ಮೀಯಿಸುವುದಕ್ಕೆ 3,500 ರೂಪಾಯಿ, ಮಷೀನಿನಿಂದ ಮೈ ಬೋಳಿಸುವ ‘ಸಮ್ಮರ್ ಕಟ್’ಗೆ 4,200. ಮೊದಲನೆಯದು ಕೊಟ್ಟ ಕಾಸಿಗೆ ತಕ್ಕ ಕೆಲಸ. ಎರಡನೆಯದನ್ನು ಪುಕ್ಕಟೆ ಮಾಡಿಕೊಡುತ್ತೇವೆ ಅಂದರೂ ಬೇಡ ಅನ್ನಿ. ಸಲೂನಿನ ಹೆಸರು ಇಲ್ಲಿ ಹಾಕಿಲ್ಲ. ದೂರಿನ ಬಹುಪಾಲು ಆ ಒಂದು ಅಂಗಡಿಯ ಮೇಲಲ್ಲ. ಸಮ್ಮರ್ ಕಟ್ ಎಂಬ ಸರಕು ಮುಂಬೈ-ಪುಣೆಯ ಎಷ್ಟೋ ಗ್ರೂಮರ್‌ಗಳ ಪಟ್ಟಿಯಲ್ಲಿದೆ, ಮಾರ್ಚ್ ಬಂತೆಂದರೆ ಅದಕ್ಕೆ ಕ್ಯೂ ಕೂಡ ಇರುತ್ತದೆ. ಮೇ ರಜೆಯಲ್ಲಿ ನಾಯಿಯನ್ನೂ ಕಾರಿಗೆ ಹತ್ತಿಸಿಕೊಂಡು ಕುಂದಾಪುರಕ್ಕೋ ಕಾರ್ಕಳಕ್ಕೋ ಹೊರಡುವ ನಮ್ಮವರು ‘ಊರಲ್ಲಿ ಸೆಕೆ ಜಾಸ್ತಿ, ಬೋಳಿಸಿಬಿಡೋಣ’ ಎಂದು ಆ ಕ್ಯೂನಲ್ಲಿ ಮುಂದೆಯೇ ನಿಂತಿರುತ್ತಾರೆ.

ಬೇಡ ಯಾಕೆ ಎನ್ನುವುದಕ್ಕೆ ಸೇಂಟ್ ಬರ್ನಾರ್ಡ್ ನಾಯಿಯ ಹುಟ್ಟೂರಿನ ಕತೆಯೇ ಅರ್ಧ ಉತ್ತರ ಕೊಡುತ್ತದೆ.

ಸ್ವಿಟ್ಜರ್ಲೆಂಡಿನ ವಾಲೆ ಪ್ರಾಂತ್ಯಕ್ಕೂ ಇಟಲಿಯ ಆಓಸ್ತಾ ಕಣಿವೆಗೂ ನಡುವೆ ಇರುವ ಗ್ರೇಟ್ ಸೇಂಟ್ ಬರ್ನಾರ್ಡ್ ಘಾಟಿಯ ಎತ್ತರ 2,469 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಐನೂರು ಮೀಟರಿಗೂ ಮೇಲೆ. ಹನ್ನೊಂದನೇ ಶತಮಾನದ ನಡುಗಾಲದಲ್ಲಿ ಮೆಂತೋನಿನ ಬರ್ನಾರ್ಡ್ ಎಂಬ ಪಾದ್ರಿ ಅಲ್ಲಿ ದಾರಿಹೋಕರಿಗಾಗಿ ಮಠವೂ ಛತ್ರವೂ ಆದ ಒಂದು ಆಸರೆ ಕಟ್ಟಿಸಿದ. ನಾಯಿಗಳು ಅಲ್ಲಿಗೆ ಬಂದದ್ದು ಬಹಳ ತಡವಾಗಿ. 1695ರ ಸುಮಾರಿನ ಚಿತ್ರಗಳಲ್ಲಿ ಅವು ಮೊದಲು ಕಾಣಿಸುತ್ತವೆ, ಮಠದ ಬರಹಗಳಲ್ಲಿ ಹದಿನೆಂಟನೇ ಶತಮಾನದ ಮೊದಲ ದಶಕದಿಂದ ಸಿಗುತ್ತವೆ. ತಂದದ್ದು ಜನರನ್ನು ಉಳಿಸಲಿಕ್ಕಂತೂ ಅಲ್ಲ, ಕಾವಲಿಗೆ. ಅಡುಗೆಮನೆಯಲ್ಲಿ ಮಾಂಸ ಸುಡುವ ಸರಳನ್ನು ತಿರುಗಿಸುವ ಚಕ್ರದೊಳಗೂ ನಾಯಿಯನ್ನು ಓಡಿಸಿದ್ದುಂಟು. ಆಮೇಲೆ ಮರೋನಿಯೆ ಎಂದು ಕರೆಯುತ್ತಿದ್ದ ದಾರಿತೋರುಗರು ಯಾತ್ರಿಕರನ್ನು ಕರೆತರಲು ಹೊರಟಾಗ ನಾಯಿಯನ್ನು ಮುಂದೆ ಬಿಡತೊಡಗಿದರು. ಅಗಲ ಎದೆಯ ಪ್ರಾಣಿ ಮೆತ್ತನೆ ಹಿಮವನ್ನು ಸೀಳಿಕೊಂಡು ಹೋಗುತ್ತಿತ್ತು, ಮಂಜು ಕವಿದಾಗ ದಾರಿ ತಪ್ಪುತ್ತಿರಲಿಲ್ಲ, ಹಿಮದಡಿ ಹೂತವರ ವಾಸನೆ ಹಿಡಿಯುತ್ತಿತ್ತು. ಹೀಗೆ ಕೆಲಸ ಮಾಡುತ್ತಲೇ ಹೆಸರು ಬಂತು.

ಇವುಗಳಲ್ಲಿ ಜಗತ್ತಿಗೇ ಗೊತ್ತಿರುವುದು ಬ್ಯಾರಿ. 1800ರಲ್ಲಿ ಹುಟ್ಟಿ, 1812ರವರೆಗೆ ಘಾಟಿಯಲ್ಲಿದ್ದು, ಮುಪ್ಪಿನಲ್ಲಿ ಬರ್ನ್ ಪಟ್ಟಣಕ್ಕೆ ಬಂದು 1814ರಲ್ಲಿ ಸತ್ತಿತು. ನಲವತ್ತು ಜೀವ ಉಳಿಸಿತೆಂಬುದು ಪ್ರತೀತಿ. ಅದರ ತೊಗಲು ತುಂಬಿಸಿದ ದೇಹ ಈಗಲೂ ಬರ್ನ್‌ನ ನೈಸರ್ಗಿಕ ಇತಿಹಾಸ ಮ್ಯೂಸಿಯಂನಲ್ಲಿದೆ. ಅದನ್ನು ನೋಡಿದವರಿಗೆ ಮೊದಲು ಅನ್ನಿಸುವುದು ‘ಇಷ್ಟೇನಾ’ ಎಂದು. ಬ್ಯಾರಿಯ ತೂಕ 40–45 ಕಿಲೋ ಇದ್ದಿರಬೇಕೆಂದು ಅಂದಾಜು. ಇವತ್ತಿನ ಗಂಡು ಸೇಂಟ್ ಬರ್ನಾರ್ಡ್ 64ರಿಂದ 82 ಕಿಲೋ ತೂಗುತ್ತದೆ. ಇನ್ನೊಂದು ವ್ಯತ್ಯಾಸ ಕೂದಲಿನದು: ಬ್ಯಾರಿಯದು ಗಿಡ್ಡ ಕೂದಲು.

ಉದ್ದ ಕೂದಲು ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ. 1816ರಿಂದ 1818ರ ಕ್ರೂರ ಚಳಿಗಾಲಗಳಲ್ಲಿ ಹಿಮಪಾತಕ್ಕೆ ಸಿಕ್ಕಿ ಬಹಳ ನಾಯಿಗಳು ಸತ್ತವು. ತಳಿ ಸೊರಗಿತೆಂದು ಮುಂದೆ ನ್ಯೂಫೌಂಡ್‌ಲ್ಯಾಂಡ್ ನಾಯಿಗಳ ರಕ್ತ ಬೆರೆಸಿದರು. ಜೊತೆಗೆ ಉದ್ದ ಕೂದಲೂ ಬಂತು, ಅಲ್ಲಿಂದ ಫಜೀತಿ ಶುರುವಾಯಿತು. ತೊಡೆಯ ಹಿಂದಿನ ಜೂಲಿಗೆ, ಹೊಟ್ಟೆಯ ಅಡಿಗೆ, ಬೆರಳುಗಳ ಸಂದಿಗೆ ಹಿಮ ಅಂಟಿ ಗಡ್ಡೆಗಟ್ಟುತ್ತಿತ್ತು. ಆ ಭಾರ ಹೊತ್ತು ನಡೆಯಲಾಗದೆ ನಾಯಿ ಕೂತುಬಿಡುತ್ತಿತ್ತು. ಮಠದವರು ಗಿಡ್ಡ ಕೂದಲಿನವನ್ನು ಘಾಟಿಯ ಕೆಲಸಕ್ಕೆ ಇಟ್ಟುಕೊಂಡು, ಉದ್ದ ಕೂದಲಿನ ಮರಿಗಳನ್ನು ಕೆಳಗಿನ ಕಣಿವೆಯವರಿಗೆ ಕೊಟ್ಟರು. 1884ರಲ್ಲಿ ಸ್ವಿಸ್ ತಳಿಪುಸ್ತಕ ಶುರುವಾದಾಗ ಮೊದಲ ಹೆಸರು ಲಿಯೋನ್ ಎಂಬ ಸೇಂಟ್ ಬರ್ನಾರ್ಡ್ ನಾಯಿಯದು. 1887ರಲ್ಲಿ ಜೂರಿಕ್‌ನ ಸಮ್ಮೇಳನ ತಳಿಯ ಲಕ್ಷಣಗಳನ್ನು ಗೊತ್ತುಮಾಡಿತು. ಇವತ್ತಿನ ಮಾನದಂಡದಲ್ಲೂ ಎರಡೂ ಬಗೆಗೆ ಜಾಗವಿದೆ. ನಮ್ಮ ಮುಂಬೈ-ಪುಣೆಯಲ್ಲಿ ಸಾಮಾನ್ಯವಾಗಿ ಕಾಣುವುದು ಮಾತ್ರ ಮಠದವರು ಬೇಡವೆಂದು ಕೆಳಗೆ ಕೊಟ್ಟ ಬಗೆಯೇ, ಫೋಟೋದಲ್ಲಿ ಚಂದ ಕಾಣುವ ಉದ್ದ ಕೂದಲಿನದು.

ಕೊರಳಿಗೆ ಬ್ರಾಂದಿಯ ಪೀಪಾಯಿ ಕಟ್ಟಿಕೊಂಡ ನಾಯಿ ಬರೀ ಕಲ್ಪನೆ. 1820ರಲ್ಲಿ ಇಂಗ್ಲೆಂಡಿನ ಚಿತ್ರಕಾರ ಲ್ಯಾಂಡ್‌ಸೀರ್ ಹಾಗೆ ಬರೆದ, ಜನ ಹಾಗೇ ನಂಬಿದರು. ಫೋಟೋಗೆಂದು ಆನ್‌ಲೈನಿನಲ್ಲಿ ಮಾರುವ ಪೀಪಾಯಿ ಪಟ್ಟಿಯನ್ನು ಅರ್ಧ ದಿನ ಕಟ್ಟಿಟ್ಟರೆ ಕೊರಳಡಿ ಗಂಟಾಗುವುದೊಂದೇ ಲಾಭ. 1964ರಲ್ಲಿ ಘಾಟಿಯ ಅಡಿಯಲ್ಲೇ ಸುರಂಗ ರಸ್ತೆ ತೆರೆದ ಮೇಲೆ ಚಳಿಗಾಲದಲ್ಲಿ ಆ ದಾರಿಯಲ್ಲಿ ನಡೆದುಹೋಗಬೇಕಾದ ಅಗತ್ಯವೇ ಉಳಿಯಲಿಲ್ಲ. ಹೂತವರನ್ನು ಹುಡುಕಲು ಈಗ ಹೆಲಿಕಾಪ್ಟರ್‌ನಲ್ಲಿ ಹಗುರ ನಾಯಿಗಳು ಹೋಗುತ್ತವೆ. ಮಠದ ನಾಯಿಗಳ ಸಾಕಣೆಯನ್ನು 2005ರಿಂದ ಮಾರ್ತಿನಿಯ ಬ್ಯಾರಿ ಪ್ರತಿಷ್ಠಾನ ನೋಡಿಕೊಳ್ಳುತ್ತಿದೆ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಅಲ್ಲಿ ಹಿಮ ಎಲ್ಲೆಲ್ಲಿ ಅಂಟುತ್ತಿತ್ತೋ ಇಲ್ಲಿ ಜುಲೈನ ಕೆಸರು ಅಲ್ಲಲ್ಲೇ ಅಂಟುತ್ತದೆ. ತೊಡೆಯ ಹಿಂಭಾಗ, ಹೊಟ್ಟೆ, ಬಾಲದಡಿ, ಬೆರಳ ಸಂದಿ. ಇವಕ್ಕೆ ಕಿವಿಯ ಹಿಂಭಾಗ, ಕಂಕುಳು, ಜೊಲ್ಲು ಇಳಿಯುವ ಎದೆಯನ್ನು ಸೇರಿಸಿಕೊಳ್ಳಿ. ಗ್ರೂಮರ್ ಈ ಏಳು ಜಾಗಗಳಿಗೆ ಕೈ ಹಾಕಿ ನೋಡುತ್ತಾನೋ ಇಲ್ಲವೋ ಎಂಬುದರ ಮೇಲೆ ಅವನ ಕೆಲಸ ಅಳೆಯಬಹುದು. ಬೆನ್ನ ಮೇಲೆ ಬ್ರಷ್ ಎಳೆದು ಮಿಂಚಿಸುವುದು ಯಾರಿಗೂ ಬರುತ್ತದೆ.

ಈ ಸಲೂನು ಆ ಪರೀಕ್ಷೆಯಲ್ಲಿ ಪಾಸು. ಮೊದಲ ಕಾರಣ ಟೇಬಲ್ಲು. ಹೆಚ್ಚಿನ ಕಡೆ ಸೊಂಟದೆತ್ತರದ ಕಬ್ಬಿಣದ ಟೇಬಲ್ಲಿಗೆ ಇಬ್ಬರು ಹುಡುಗರು ಹಿಂದು-ಮುಂದು ಹಿಡಿದು ನಾಯಿಯನ್ನು ಎತ್ತುತ್ತಾರೆ. ಎಪ್ಪತ್ತು ಕಿಲೋ ನಾಯಿಯನ್ನು ಹಾಗೆ ಎತ್ತುವಾಗ ಹಿಂಗಾಲು ಜೋಲುತ್ತವೆ, ಸೊಂಟದ ಕೀಲಿನ ದೋಷ ಈ ತಳಿಯಲ್ಲಿ ಮೊದಲೇ ಹೆಚ್ಚು, ಕೆಳಗಿಳಿಸುವಾಗ ನಾಯಿ ತಾನೇ ಜಿಗಿದರಂತೂ ಮುಗಿಯಿತು. ಇಲ್ಲಿರುವುದು ಬಹುತೇಕ ನೆಲಕ್ಕಿಳಿದು ನಾಯಿ ಹತ್ತಿದ ಮೇಲೆ ಮೇಲೇಳುವ ಎಲೆಕ್ಟ್ರಿಕ್ ಟೇಬಲ್. ಪಟ್ಟಿಯೂ ಎರಡು, ಒಂದು ಎದೆಗೆ, ಇನ್ನೊಂದು ಸೊಂಟದಡಿ. ಬರೀ ಕೊರಳಿಗೆ ಕುಣಿಕೆ ಹಾಕಿ ನಿಲ್ಲಿಸುವ ಕಡೆ ದೊಡ್ಡ ನಾಯಿಯನ್ನು ಬಿಡಬೇಡಿ. ಕಾಲು ಜಾರಿದರೆ ಇಡೀ ತೂಕ ಗಂಟಲ ಮೇಲೆ ಬರುತ್ತದೆ.

ಎರಡನೇ ಕಾರಣ, ಇವರು ನೀರಿಗೆ ಮುಂಚೆ ಬಾಚುತ್ತಾರೆ. ಹೇಳಲು ಸಣ್ಣ ವಿಷಯ, ಆದರೆ ಎಲ್ಲ ಕೆಡುವುದು ಇಲ್ಲೇ. ಗಂಟುಗೂದಲನ್ನು ಹಾಗೇ ನೆನೆಸಿ ಒಣಗಿಸಿದರೆ ಅದು ಬಿಗಿದು ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ಆಮೇಲೆ ಬಾಚಣಿಗೆಯಿಂದ ಬಿಡಿಸಲಾಗದು, ‘ಬೋಳಿಸದೆ ಬೇರೆ ದಾರಿಯಿಲ್ಲ ಸಾರ್’ ಎಂಬ ಮಾತು ಬರುತ್ತದೆ. ಇಲ್ಲಿ ಮೊದಲು ಒಣ ಮೈಗೇ ಬ್ಲೋವರ್ ಹಿಡಿದು ಸಡಿಲವಾದ ಒಳಗೂದಲನ್ನು ಹಾರಿಸುತ್ತಾರೆ. ಕೂದಲು ಉದುರುವ ಕಾಲದಲ್ಲಾದರೆ ಇದರಿಂದಲೇ ಒಂದು ದೊಡ್ಡ ಕಸದ ಚೀಲ ತುಂಬುತ್ತದೆ. ನಂತರ ಹಿಂಗಾಲಿನ ಪಾದದಿಂದ ಶುರು: ಎಡಗೈಯಿಂದ ಕೂದಲನ್ನು ಮೇಲಕ್ಕೆತ್ತಿ ಹಿಡಿದು, ಚರ್ಮ ಕಾಣುವಂತೆ ಬೈತಲೆ ತೆಗೆದು, ಎರಡು ಬೆರಳಗಲದ ಒಂದೊಂದೇ ಸಾಲನ್ನು ಸಣ್ಣ ತಂತಿ ಹಲ್ಲುಗಳ ಸ್ಲಿಕ್ಕರ್ ಬ್ರಷ್‌ನಿಂದ ಕೆಳಕ್ಕೆ ಬಿಡಿಸುತ್ತಾ ಮೇಲೆ ಹೋಗುವುದು. ಬೆನ್ನಿನ ಮೇಲೆ ಅಂಡರ್‌ಕೋಟ್ ರೇಕ್, ಅಂದರೆ ಒಳಗೂದಲು ಎಳೆದು ತೆಗೆಯುವ ಹಲ್ಲಿನ ಸಲಕರಣೆ. ಕೊನೆಗೆ ಉಕ್ಕಿನ ಬಾಚಣಿಗೆ. ಅದು ಬುಡದಿಂದ ತುದಿಯವರೆಗೆ ಎಲ್ಲೂ ತಡೆಯದೆ ಬಂದರೆ ಆ ಜಾಗ ಮುಗಿಯಿತು. ಈ ಬಾಚಣಿಗೆ ಪರೀಕ್ಷೆಯನ್ನು ಗಿರಾಕಿಯ ಎದುರೇ ಮಾಡಿ ತೋರಿಸುತ್ತಾರೆ. ಬೇರೆ ಸಲೂನಿಗೆ ಹೋಗುವವರು ಮಾಡಿ ತೋರಿಸಲು ಕೇಳಿ, ಮುಖ ಹೇಗಾಗುತ್ತದೆ ನೋಡಿ.

ಗಟ್ಟಿ ಗಂಟನ್ನು ಕತ್ತರಿಯಿಂದ ಅಡ್ಡಕ್ಕೆ ಕತ್ತರಿಸಬಾರದು. ಗಂಟನ್ನು ಎಳೆದಾಗ ಚರ್ಮವೂ ಡೇರೆಯಂತೆ ಮೇಲೆದ್ದಿರುತ್ತದೆ, ಕತ್ತರಿ ಅದರೊಳಗೇ ಹೋಗುತ್ತದೆ. ಕಿವಿಯ ಹಿಂದೆ ಮತ್ತು ಕಂಕುಳಲ್ಲಿ ಈ ಗಾಯ ಮಾಮೂಲು. ಗಂಟನ್ನು ಉದ್ದಕ್ಕೆ ಎರಡು-ಮೂರಾಗಿ ಸೀಳಿ ಒಂದೊಂದನ್ನೇ ತುದಿಯಿಂದ ಬಿಡಿಸಬೇಕು. ಈ ಕೆಲಸಕ್ಕೆ ಸಲೂನು ಕಾಲು ಗಂಟೆಗೆ ಇಷ್ಟೆಂದು ಬೇರೆ ಚಾರ್ಜ್ ಹಾಕುತ್ತದೆ; ಅದು ದರಪಟ್ಟಿಯಲ್ಲಿ ಇಲ್ಲ, ಬಿಲ್ಲಿನಲ್ಲಿ ಮಾತ್ರ ಇದೆ. ಕೆಲಸಕ್ಕೆ ದುಡ್ಡು ಕೇಳುವುದು ನ್ಯಾಯ, ಮೊದಲೇ ಹೇಳದಿರುವುದು ಅಲ್ಲ. ನಾಯಿಯನ್ನು ಒಪ್ಪಿಸುವಾಗಲೇ ‘ಗಂಟು ತೆಗೆಯಲು ಎಷ್ಟಾಗಬಹುದು’ ಎಂದು ಬರೆಸಿಕೊಳ್ಳಿ.

ಸ್ನಾನದ ಹಂತದಲ್ಲಿ ಅಂಕ ಸ್ವಲ್ಪ ಕಡಿಮೆ. ಈ ನಾಯಿಯ ಹೊರಗೂದಲಿನ ಎಣ್ಣೆ ನೀರನ್ನು ಜಾರಿಸಿಬಿಡುತ್ತದೆ. ಮೇಲಿಂದ ಶವರ್ ಬಿಟ್ಟರೆ ಒದ್ದೆಯಾದಂತೆ ಕಾಣುತ್ತದೆ, ಒಳಗೆ ಬೆರಳು ಹಾಕಿದರೆ ಬೆಚ್ಚಗೆ ಒಣಗೇ ಇರುತ್ತದೆ. ಶವರ್ ತಲೆಯನ್ನು ಚರ್ಮಕ್ಕೆ ಒತ್ತಿ ಹಿಡಿದು ಎಂಟು-ಹತ್ತು ನಿಮಿಷ ನೆನೆಸಬೇಕು. ಅದನ್ನಿವರು ಸರಿಯಾಗಿಯೇ ಮಾಡುತ್ತಾರೆ. ಶಾಂಪೂವನ್ನು ಸುಮಾರು ಒಂದಕ್ಕೆ ಹತ್ತು ಪಾಲು ನೀರಿನಲ್ಲಿ ಕಲಸಿ, ಎರಡು ಸಲ ಹಾಕುತ್ತಾರೆ. ಅದೂ ಸರಿ. ಮುಖಕ್ಕೆ ಶವರ್ ಇಲ್ಲ, ಒದ್ದೆ ಬಟ್ಟೆ. ಜೋತುಬಿದ್ದ ಕೆಳದುಟಿಯ ಮಡಿಕೆಯೊಳಗೆ ಸೇರಿದ ಜೊಲ್ಲು, ಅನ್ನದ ಅಗುಳು ಒರೆಸಿ ಒಣಗಿಸುತ್ತಾರೆ. ಆ ನಾತ ‘ಬಾಯಿ ವಾಸನೆ’ ಎಂದುಕೊಂಡು ಹಲ್ಲಿನ ಪೇಸ್ಟ್ ಕೊಳ್ಳುವವರಿಗೆ ಇದು ಗೊತ್ತಿರಲಿ.

ತಪ್ಪುವುದು ತೊಳೆಯುವಲ್ಲಿ. ಆ ಭಾಗದ ಎಷ್ಟೋ ಕಟ್ಟಡಗಳಂತೆ ಇಲ್ಲೂ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು, ಗಡಸು ನೀರು. ನೊರೆ ಬೇಗ ಹೋದಂತೆ ಕಾಣುತ್ತದೆ, ಆದರೆ ಸಾಬೂನಿನ ಜಿಡ್ಡು ಕೂದಲ ಬುಡದಲ್ಲಿ ಉಳಿಯುತ್ತದೆ. ನೀರು ತಿಳಿಯಾದ ಮೇಲೂ ಐದು ನಿಮಿಷ ತೊಳೆಯಬೇಕು. ಕಂಕುಳು, ಎದೆ, ತೊಡೆಯ ಸಂದಿಯಲ್ಲಿ ಇವರು ಅಷ್ಟು ತಾಳ್ಮೆ ತೋರುವುದಿಲ್ಲ. ಎರಡು-ಮೂರು ದಿನಕ್ಕೆ ನಾಯಿ ಅದೇ ಜಾಗಗಳನ್ನು ಕೆರೆದುಕೊಳ್ಳತೊಡಗಿದರೆ, ಹೊಟ್ಟು ಕಂಡರೆ, ಶಾಂಪೂ ಬ್ರ್ಯಾಂಡನ್ನು ಬೈಯುವ ಮೊದಲು ತೊಳೆದದ್ದನ್ನು ಅನುಮಾನಿಸಿ. ‘ಕಂಕುಳು ಎರಡು ಸಲ ತೊಳೀರಿ’ ಎಂದು ಬಾಯಿಬಿಟ್ಟು ಹೇಳಿದರೆ ಮಾಡುತ್ತಾರೆ, ಹೇಳಬೇಕಷ್ಟೆ. ಇನ್ನು ಗುರುವಾರ. ರಿಪೇರಿಯ ಹೆಸರಲ್ಲಿ ಆ ದಿನ ನೀರೋ ಕರೆಂಟೋ ಹೋಗುವುದು ಪುಣೆಯವರಿಗೆ ಹೊಸದಲ್ಲ. ಅವತ್ತು ಸ್ಲಾಟ್ ತೆಗೆದುಕೊಂಡರೆ ಅರ್ಧ ಒಣಗಿದ ನಾಯಿ ಮನೆಗೆ ಬರಬಹುದು.

ಅರ್ಧ ಒಣಗಿದ ಸೇಂಟ್ ಬರ್ನಾರ್ಡ್ ಅಂದರೆ ಮೂರು ದಿನದಲ್ಲಿ ಪಶುವೈದ್ಯರ ಬಿಲ್ಲು. ಹೊರಗೂದಲು ಬೇಗ ಒಣಗುತ್ತದೆ, ಒಳಗೂದಲು ಒದ್ದೆ ಹತ್ತಿಯ ಹಾಗೆ ನೀರು ಹಿಡಿದಿಟ್ಟುಕೊಂಡಿರುತ್ತದೆ. ಮಳೆಗಾಲದ ಮುಂಬೈಯಲ್ಲಿ ಅದು ತಾನಾಗಿ ಆರುವುದೇ ಇಲ್ಲ. ಚರ್ಮ ಬೆಂದು, ನಾಯಿ ನೆಕ್ಕಿ, ಒಂದು ರಾತ್ರಿ ಕಳೆಯುವುದರೊಳಗೆ ಅಂಗೈ ಅಗಲದ ಕೆಂಪು ಹಸಿಹುಣ್ಣು. ಗ್ರೂಮರ್‌ಗಳೂ ಡಾಕ್ಟರುಗಳೂ ಹಾಟ್ ಸ್ಪಾಟ್ ಎನ್ನುವುದು ಇದಕ್ಕೇ. ಸಾಮಾನ್ಯವಾಗಿ ಕೆನ್ನೆಯ ಕೆಳಗೆ, ಕಿವಿಯ ಬುಡದಲ್ಲಿ, ಸೊಂಟದ ಮೇಲೆ ಬರುತ್ತದೆ.

ಅದಕ್ಕೇ ಈ ಪ್ಯಾಕೇಜಿನ ನಿಜವಾದ ಬೆಲೆ ಇರುವುದು ಒಣಗಿಸುವುದರಲ್ಲಿ. ಟವೆಲಿನಿಂದ ಉಜ್ಜದೆ ಒತ್ತಿ ನೀರು ಹೀರಿಸುತ್ತಾರೆ, ಯಾಕೆಂದರೆ ಉಜ್ಜಿದರೆ ಈಗಷ್ಟೇ ಬಿಡಿಸಿದ ಗಂಟು ಮತ್ತೆ ಕಟ್ಟುತ್ತದೆ. ಕಿವಿಯ ಮೇಲೆ ಎಲಾಸ್ಟಿಕ್ ಬಟ್ಟೆಯ ಟೊಪ್ಪಿ. ಎರಡು ಮೋಟರಿನ ಬ್ಲೋವರ್. ಹಿಂಭಾಗದಿಂದ ಆರಂಭಿಸಿ ಮುಂದಕ್ಕೆ ಬರುತ್ತಾರೆ, ಮುಖಕ್ಕೆ ನೇರವಾಗಿ ಗಾಳಿ ಬಿಡುವುದಿಲ್ಲ. ಪೂರ್ತಿ ಬೆಳೆದ ಉದ್ದ ಕೂದಲಿನ ನಾಯಿಗೆ ಇದೊಂದಕ್ಕೇ ಒಂದು ಗಂಟೆ ಹಿಡಿಯುತ್ತದೆ. ಒಣಗಿತೋ ಇಲ್ಲವೋ ನೋಡುವ ಕ್ರಮ ಸುಲಭ: ಕೂದಲು ಬಿಡಿಸಿ ಬೆರಳ ಹಿಂಬದಿಯನ್ನು ಚರ್ಮಕ್ಕೆ ತಾಗಿಸಿ. ತಣ್ಣಗಿದ್ದರೆ ಇನ್ನೂ ತೇವ ಇದೆ, ಮೈಬಿಸಿ ಮಾತ್ರ ತಾಗಿದರೆ ಒಣಗಿದೆ. ಬಾಲದ ಬುಡ ಮತ್ತು ಎದೆಯನ್ನು ಮರೆಯದೆ ನೋಡಿ.

ಒಂದು ಎಚ್ಚರಿಕೆ. ಭಾನುವಾರದ ನೂಕುನುಗ್ಗಲಿನಲ್ಲಿ ಇವರು ಕೆಲವು ನಾಯಿಗಳನ್ನು ಬಿಸಿಗಾಳಿಯ ಪಂಜರಕ್ಕೆ ಹಾಕುತ್ತಾರೆ. ಶಿಹ್ ತ್ಸುವಿನಂಥ ಪುಟ್ಟ ನಾಯಿಯನ್ನೂ ಕಣ್ಣೆದುರಿಲ್ಲದೆ ಅಲ್ಲಿಡಬಾರದು, ಇನ್ನು ಪರ್ವತದ ನಾಯಿ ಹೇಗೂ ಬೇಡ. ನಾಯಿಗೆ ಮೈತುಂಬ ಬೆವರಿಲ್ಲ. ಬೆವರ ಗ್ರಂಥಿ ಇರುವುದು ಮುಖ್ಯವಾಗಿ ಅಂಗಾಲಿನಲ್ಲಿ. ಮೈಶಾಖ ಇಳಿಯಬೇಕಾದರೆ ಏದುಸಿರು ಬಿಟ್ಟು ನಾಲಿಗೆಯ ತೇವ ಆರಬೇಕು. ಗಾಳಿಯೇ ತೇವವಾಗಿದ್ದರೆ ಅದು ಆರುವುದಿಲ್ಲ, ಉಸಿರಾಟದ ದುಡಿಮೆಯಿಂದ ಇನ್ನಷ್ಟು ಶಾಖ ಹುಟ್ಟುತ್ತದೆ. 38ರಿಂದ 39 ಡಿಗ್ರಿ ಇರಬೇಕಾದ ಮೈಶಾಖ 41 ದಾಟಿತೆಂದರೆ ಜೀವಕ್ಕೆ ಅಪಾಯ. ದಪ್ಪ ನೂಲಿನಂಥ ಜೊಲ್ಲು, ಕಡುಗೆಂಪು ವಸಡು, ತೂರಾಡುವ ನಡಿಗೆ ಕಂಡರೆ ಡಾಕ್ಟರಿಗೆ ಫೋನ್ ಮಾಡುವುದಕ್ಕೂ ಮುಂಚೆ ನಲ್ಲಿ ನೀರನ್ನು ಚರ್ಮಕ್ಕಿಳಿಯುವಂತೆ ಸುರಿದು ಫ್ಯಾನ್ ಹಾಕಿ. ತಂಪು ಮಾಡುತ್ತಲೇ ಆಸ್ಪತ್ರೆಗೆ ಹೊರಡಬೇಕು. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ.

ಈಗ ಆ 4,200ರ ವಿಷಯ. ಸಮ್ಮರ್ ಕಟ್‌ನಲ್ಲಿ ಇವರು 10ನೇ ನಂಬರಿನ ಬ್ಲೇಡ್ ಹಾಕುತ್ತಾರೆ, ಮೈಮೇಲೆ ಉಳಿಯುವುದು ಒಂದೂವರೆ ಮಿಲಿಮೀಟರ್ ಕೂದಲು. ಆಗುವುದೇನೆಂದರೆ, ಬಿಸಿಲನ್ನೂ ಮಳೆಯನ್ನೂ ತಡೆಯುವ ಹೊರಗೂದಲು ಹೋಯಿತು. ತಿಳಿಬಣ್ಣದ ಚರ್ಮಕ್ಕೆ ಮೇ ಬಿಸಿಲು ನೇರ ಬಡಿಯಿತು. ನಾಯಿಯ ತಂಪಿನ ಮುಖ್ಯ ಯಂತ್ರ ಬಾಯಿಯಲ್ಲಿದೆಯಾದ್ದರಿಂದ ಹೇಳಿಕೊಳ್ಳುವಂಥ ತಂಪು ಸಿಗಲಿಲ್ಲ. ಆಮೇಲಿನದು ಇನ್ನೂ ಕೆಟ್ಟದು. ಒಳಗೂದಲು ಬೇಗ ಚಿಗುರುತ್ತದೆ, ಹೊರಗೂದಲು ನಿಧಾನ. ಆರು ತಿಂಗಳಿಗೆ ಮೈಯೆಲ್ಲ ಮಂಕಾದ ಹತ್ತಿಯಂಥ ಕೂದಲು, ಅದರಲ್ಲಿ ಮೊದಲಿಗಿಂತ ಹೆಚ್ಚು ಗಂಟು, ಹೆಚ್ಚು ಕೆಸರು, ಹೆಚ್ಚು ತೇವ. ಕೆಲವು ನಾಯಿಗಳಿಗೆ ಬೋಳಿಸಿದ ಜಾಗದಲ್ಲಿ ವರ್ಷ ಕಳೆದರೂ ಸರಿಯಾಗಿ ಬರುವುದಿಲ್ಲ. ಹಾಗಾದಾಗ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಸಡಿಲ ಒಳಗೂದಲನ್ನು ಪೂರ್ತಿ ಬಾಚಿ ತೆಗೆದು ಹೊರಗೂದಲನ್ನು ಉಳಿಸಿದರೆ ನಡುವೆ ಗಾಳಿಯಾಡುತ್ತದೆ. ಅದನ್ನೇ ಈ ಸಲೂನು 700 ರೂಪಾಯಿ ಕಡಿಮೆಗೆ ಮಾಡುತ್ತಿದೆ ಎನ್ನುವುದು ತಮಾಷೆ.

ಮಷೀನು ಬೇಕಾಗುವ ಸಂದರ್ಭಗಳಿವೆ. ಹುಣ್ಣಾದ ಜಾಗ, ಆಪರೇಷನ್, ಚರ್ಮಕ್ಕೆ ಚಾಪೆಯಂತೆ ಅಂಟಿಹೋದ ಗಂಟು. ಹೊಟ್ಟೆಯಡಿಯ ಕೂದಲನ್ನು ಮಾತ್ರ ಗಿಡ್ಡ ಮಾಡಿಸಿದರೆ ಟೈಲ್ಸ್ ಮೇಲೆ ಮಲಗಿದಾಗ ಚರ್ಮಕ್ಕೆ ತಂಪು ತಾಗುತ್ತದೆ, ಇದು ನಿಜಕ್ಕೂ ಉಪಯೋಗ. ಅಂಗಾಲಿನ ಮೆತ್ತೆಗಳ ನಡುವಿನ ಕೂದಲನ್ನು ಮೆತ್ತೆಯ ಮಟ್ಟಕ್ಕೆ ತೆಗೆಯಬೇಕು. ಇಲ್ಲದಿದ್ದರೆ ಫ್ಲ್ಯಾಟಿನ ನುಣುಪು ನೆಲದಲ್ಲಿ ಜಾರುತ್ತದೆ. ಬಾಲದಡಿ ಒಂದಿಷ್ಟು. ‘ಹೊಟ್ಟೆ, ಅಂಗಾಲು, ಬಾಲದಡಿ, ಅಷ್ಟೇ’ ಎಂದು ಫಾರಂನಲ್ಲಿ ಬರೆದು ಸಹಿ ಹಾಕಿ. ಹಿಂಗಾಲಿನ ಒಳಬದಿಯಲ್ಲಿ ನೆಲಕ್ಕೆ ತಾಗದ ಹೆಚ್ಚುವರಿ ಬೆರಳಿದೆಯೇ ನೋಡಲೂ ಹೇಳಿ. ಅದರ ಉಗುರು ಸವೆಯುವುದಿಲ್ಲ, ಉದ್ದ ಕೂದಲಲ್ಲಿ ಅಡಗಿ ಸುತ್ತಿಕೊಂಡು ಮಾಂಸಕ್ಕೇ ಹೋಗುತ್ತದೆ. ಕಪ್ಪು ಉಗುರನ್ನು ತೆಳು ತೆಳುವಾಗಿ ಕತ್ತರಿಸುತ್ತಾ, ಕತ್ತರಿಸಿದ ಮುಖದ ನಡುವೆ ಚುಕ್ಕೆ ಕಂಡ ಕೂಡಲೇ ನಿಲ್ಲಿಸಬೇಕು. ಇವರ ಹುಡುಗರಿಗೆ ಆ ಕೈ ಚೆನ್ನಾಗಿದೆ.

ಬರ್ನೀಸ್ ಮೌಂಟನ್ ಡಾಗ್ ಇರುವವರಿಗೂ ಇದೇ ಪ್ಯಾಕೇಜು ಸಾಕು. ಅದು ಬರ್ನ್ ಪ್ರಾಂತ್ಯದ ರೈತರ ನಾಯಿ. ದನ ಅಟ್ಟುವುದು, ಹೊಲಮನೆ ಕಾಯುವುದು, ಹಾಲಿನ ಕ್ಯಾನ್ ತುಂಬಿದ ಗಾಡಿಯನ್ನು ಗಿಣ್ಣಿನ ಡೈರಿಗೆ ಎಳೆಯುವುದು ಅದರ ಕಸುಬು. ಡ್ಯುರ್‌ಬಾಖ್ ಎಂಬ ಊರಿನ ಹೆಸರಲ್ಲಿ ಕರೆಸಿಕೊಳ್ಳುತ್ತಿತ್ತು, 1907ರಲ್ಲಿ ಈ ತಳಿಗೊಂದು ಸಂಘವಾಯಿತು. ಕಪ್ಪು ಮೈ, ಬಿಸಿಲಲ್ಲಿ ಬೇಗ ಕಾಯುತ್ತದೆ. ಸ್ಲಾಟ್ ಬೆಳಗಿನದೇ ಇರಲಿ.

ಮನಾಲಿ ಕಡೆ ಟ್ರೆಕ್ಕಿಂಗ್ ಹೋದವರು ತರುವ ಭೋಟಿಯಾ, ಗದ್ದಿ ಮರಿಗಳದ್ದು ಬೇರೆ ಸಮಸ್ಯೆ. ಕುರಿಮಂದೆಯ ಜೊತೆ ರಾತ್ರಿ ಒಂಟಿಯಾಗಿ ಇದ್ದು, ಚಿರತೆ ಬಂದರೆ ಎದುರು ನಿಲ್ಲಲು ಬೆಳೆಸಿದ ನಾಯಿಗಳು. ಕುತ್ತಿಗೆ ಉಳಿಯಲೆಂದು ಮುಳ್ಳಿನ ಕಬ್ಬಿಣದ ಪಟ್ಟಿ ಹಾಕುತ್ತಾರೆ. ಅಪರಿಚಿತನನ್ನು ನಂಬದಿರುವುದೇ ಅದರ ಕೆಲಸವಾಗಿತ್ತು, ಅಂಥದ್ದನ್ನು ಗಾಜಿನ ಕೋಣೆಯಲ್ಲಿ ಬಿಟ್ಟು ಮಾಲ್‌ಗೆ ಹೋಗಿಬರುತ್ತೇವೆ ಎಂದರೆ ಆಗದು. ಸಲೂನು ಇವಕ್ಕೆ ಬಟ್ಟೆಯ ಬಾಯಿಕುಕ್ಕೆ ಕಟ್ಟುತ್ತದೆ. ಅದು ಬಾಯಿ ಮುಚ್ಚಿಸುವುದರಿಂದ ಏದುಸಿರೂ ನಿಲ್ಲುತ್ತದೆ. ಬ್ಲೋವರ್‌ನಡಿ ಒಂದು ಗಂಟೆ ಹಾಗೆ ನಿಲ್ಲಿಸುವುದು ಅಪಾಯ. ಬುಟ್ಟಿಯಂಥ ತಂತಿ ಅಥವಾ ಸಿಲಿಕೋನ್ ಬಾಯಿಕುಕ್ಕೆಯನ್ನು ಮನೆಯಿಂದಲೇ ಅಭ್ಯಾಸ ಮಾಡಿಸಿ ಒಯ್ಯಿರಿ. ‘ಶಾಂತವಾಗಲು ಒಂದು ಗುಳಿಗೆ ಕೊಡುತ್ತೇವೆ’ ಎಂದು ಸಲೂನಿನವರು ಹೇಳಿದರೆ ನಾಯಿಯನ್ನು ವಾಪಸ್ ಕರೆದುಕೊಂಡು ಬನ್ನಿ. ಅದು ಪಶುವೈದ್ಯರು ಎದೆಬಡಿತ ನೋಡಿ ನಿರ್ಧರಿಸುವ ವಿಷಯ; ಹೃದಯದ ಸ್ನಾಯು ಸಡಿಲವಾಗುವ ಕಾಯಿಲೆ ದೈತ್ಯ ತಳಿಗಳಲ್ಲಿ ಇದೆ.

ಮುಂಬೈಯವರು ಕೇಳುವುದು ಮನೆಬಾಗಿಲಿಗೆ ಬರುವ ವ್ಯಾನಿನ ಬಗ್ಗೆ. ಲ್ಯಾಬ್ರಡಾರ್‌ವರೆಗೆ ಅಡ್ಡಿಯಿಲ್ಲ. ಎಪ್ಪತ್ತು ಕಿಲೋ ನಾಯಿಗೆ ಆ ತೊಟ್ಟಿಯಲ್ಲಿ ಮಗ್ಗುಲು ತಿರುಗಲು ಜಾಗವಿಲ್ಲ, ಹೊತ್ತುತಂದ ಟ್ಯಾಂಕಿನ ನೀರು ಎರಡನೇ ತೊಳೆತಕ್ಕೆ ಸಾಲುವುದಿಲ್ಲ, ಜನರೇಟರ್ ಸದ್ದಿಗೆ ಸೊಸೈಟಿಯ ಸೆಕ್ರೆಟರಿ ಕೆಳಗಿಳಿದು ಬರುತ್ತಾರೆ, ಅವಸರದಲ್ಲಿ ಒಣಗಿಸುವ ಕೆಲಸವೇ ಮೊಟಕಾಗುತ್ತದೆ. ಅಂಧೇರಿ-ಠಾಣೆಯವರು ಹತ್ತಿರದ ಒಳ್ಳೆ ಸಲೂನನ್ನೇ ಹುಡುಕಿ. ಎಕ್ಸ್‌ಪ್ರೆಸ್‌ವೇ ಹಿಡಿದು ಪುಣೆಗೆ ಬರುವಷ್ಟು ಇದು ದೊಡ್ಡ ವಿಷಯವಲ್ಲ.

ಸಲೂನಿಗೆ ಹೋಗುವ ಮೊದಲು ಮೂರು ಗಂಟೆ ಊಟ ಬೇಡ, ಬಂದು ಒಂದು ಗಂಟೆ ಸುಧಾರಿಸಿಕೊಳ್ಳುವವರೆಗೂ ಬೇಡ. ಆಳ ಎದೆಯ ಈ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ಜಠರ ತಿರುಚಿಕೊಳ್ಳುವುದುಂಟು. ವಾಂತಿಗೆ ಒದ್ದಾಡಿದರೂ ಏನೂ ಬಾರದೆ ಹೊಟ್ಟೆ ಬಿಗಿಯುತ್ತಿದ್ದರೆ ರಾತ್ರಿಯಾದರೂ ಸರಿ, ಆಪರೇಷನ್ ಸೌಲಭ್ಯವಿರುವ ಆಸ್ಪತ್ರೆಗೇ ಹೋಗಬೇಕು. ಲಸಿಕೆ ಕಾರ್ಡು ಒಯ್ಯಿರಿ, ಇಲ್ಲಿ ನೋಡದೆ ಒಳಗೆ ಬಿಡುವುದಿಲ್ಲ, ಒಳ್ಳೆಯದೇ. ಉಣ್ಣಿಯ ಔಷಧ ಬೆನ್ನಿಗೆ ಹಾಕುವ ಬಗೆಯದಾದರೆ ಸ್ನಾನದ ಆಚೀಚೆ ಎರಡು ದಿನ ಬಿಟ್ಟು ಹಾಕಿ, ಇಲ್ಲವಾದರೆ ಶಾಂಪೂ ಜೊತೆ ಮೋರಿಗೆ ಹೋಗುತ್ತದೆ.

ಕೊನೆಗೆ ಹೊಡೆಯುವ ಸೆಂಟು ಬೇಡ ಅನ್ನಿ, ನಾಯಿ ಮನೆಗೆ ಬಂದು ಅದನ್ನೇ ನೆಕ್ಕುತ್ತದೆ. ಕೊರಳಿಗೆ ಕಟ್ಟುವ ಕರವಸ್ತ್ರ ಫೋಟೋ ಆದ ಮೇಲೆ ಬಿಚ್ಚಿ.

ಇಡೀ ಕೆಲಸಕ್ಕೆ ಮೂರೂವರೆಯಿಂದ ನಾಲ್ಕು ಗಂಟೆ. ‘ಎರಡು ಗಂಟೆಯಲ್ಲಿ ಕೊಡುತ್ತೇವೆ’ ಅಂದರೆ ಬ್ಲೋವರ್‌ನ ಒಂದು ಗಂಟೆಯನ್ನೇ ಕತ್ತರಿಸುತ್ತಿದ್ದಾರೆ ಎಂದರ್ಥ. ಆರರಿಂದ ಎಂಟು ವಾರಕ್ಕೊಮ್ಮೆ ಸಾಕು. ನಡುವೆ ಮನೆಯಲ್ಲಿ ವಾರಕ್ಕೆರಡು ಸಲ ಸ್ಲಿಕ್ಕರ್, ಉಕ್ಕಿನ ಬಾಚಣಿಗೆ, ಆ ಏಳು ಜಾಗ. ಮಂಗಳವಾರದಿಂದ ಶುಕ್ರವಾರದೊಳಗೆ, ಗುರುವಾರ ಬಿಟ್ಟು, ಬೆಳಗಿನ ಮೊದಲ ಸ್ಲಾಟ್ ಕೇಳಿ. ಆಗ ಟೇಬಲ್ ಖಾಲಿ ಇರುತ್ತದೆ, ಎ.ಸಿ. ಕೋಣೆ ತಂಪಾಗಿರುತ್ತದೆ, ಪಂಜರದ ಮಾತೇ ಬರುವುದಿಲ್ಲ.